ತಂಗಿಯ ದನಿ, ಅಕ್ಕನ ತುಟಿ

ಬೆಳಕು ಹರಿಯುವ ಮುಂಚೆಯೇ ಮೇಕಪ್ ಕೋಣೆಯ ಕನ್ನಡಿಗಳ ಸುತ್ತ ಬಲ್ಬುಗಳು ಹೊತ್ತಿಕೊಂಡಿವೆ. ಶಾಲೆಯ ಸಮವಸ್ತ್ರ ತೊಟ್ಟ ಹುಡುಗ ಹುಡುಗಿಯರು ಸಾಲು ಕುರ್ಚಿಗಳಲ್ಲಿ ಆಕಳಿಸುತ್ತ ಕೂತಿದ್ದಾರೆ. ಒಬ್ಬಳಿಗೆ ಜಡೆ ಹೆಣೆಯುತ್ತಿದ್ದಾರೆ, ಒಬ್ಬನ ಮೊಡವೆಯ ಮೇಲೆ ಬಣ್ಣ ಬಳಿಯುತ್ತಿದ್ದಾರೆ, ಇನ್ನೊಬ್ಬ ಕೂತಲ್ಲೇ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾನೆ. ಎಲ್ಲರದ್ದೂ ಮುಗಿದ ಮೇಲೆ ಕೊನೆಯ ಕುರ್ಚಿಗೆ ಬಂದು ಕೂರುವವರು ಐವತ್ತು ದಾಟಿದ ಒಬ್ಬ ಹೆಂಗಸು. ಕಪ್ಪು ಅಂಗಿ, ಕಪ್ಪು ಪ್ಯಾಂಟು, ಎರಡೂ ಮಂಡಿಗೆ ಬಿಗಿದ ಪಟ್ಟಿ. ಅವರಿಗೆ ಪೌಡರ್ ಬೇಡ, ಕಾಡಿಗೆ ಬೇಡ; ಕೂದಲನ್ನು ತಾವೇ ಗಂಟು ಹಾಕಿಕೊಂಡು ಬಂದಿದ್ದಾರೆ. ಮೇಕಪ್‌ನವನು ಗಲ್ಲ ಎತ್ತಿ ಹಿಡಿದು ಅವರ ತುಟಿಗೆ ಮಾತ್ರ ಬಣ್ಣ ಹಚ್ಚುತ್ತಾನೆ. ಕಣ್ಣು ಕುಕ್ಕುವಂಥ ಕೆಂಪು.

"ಇನ್ನೂ ದಪ್ಪಗೆ ಹಚ್ಚಪ್ಪ," ಎನ್ನುತ್ತಾರೆ ಅವರು. "ಇವತ್ತು ಶೂಟಿಂಗು ದೊಡ್ಡ ಹಾಲ್‌ನಲ್ಲಿ. ಹಿಂದಿನ ಸಾಲಲ್ಲಿ ನಿಂತ ಮಕ್ಕಳಿಗೂ ಕಾಣಬೇಕು."

ಅದು ದನಿಯಲ್ಲ, ಬರೀ ಉಸಿರು. ಪಿಸುಮಾತಿಗಿಂತ ಒಂದು ಚೂರು ದೊಡ್ಡದು. ಕೋಣೆಯಲ್ಲಿ ಕೂದಲು ಒಣಗಿಸುವ ಯಂತ್ರ ಓಡುತ್ತಿದ್ದರೆ ಪಕ್ಕದಲ್ಲಿದ್ದವರಿಗೂ ಕೇಳಿಸುವುದಿಲ್ಲ. ಮೇಕಪ್‌ನವನಿಗೆ ಕೇಳಿಸಬೇಕಾದ ಅಗತ್ಯವೂ ಇಲ್ಲ. ಅವರ ತುಟಿ ನೋಡಿಯೇ ಅವನಿಗೆ ಮಾತು ತಿಳಿಯುತ್ತದೆ. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಅಷ್ಟರಮಟ್ಟಿಗೆ ಅಭ್ಯಾಸವಾಗಿಬಿಟ್ಟಿದೆ.

ಸ್ಟುಡಿಯೋದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಚಹಾ ತರುವವನಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು 'ತುಟಿಯಕ್ಕ'. ವಾರಕ್ಕೆರಡು ಸಂಜೆ ಮನೆಮನೆಯ ಟಿ.ವಿ.ಯಲ್ಲಿ ಬರುವ ಹಾಡಿನ ಧಾರಾವಾಹಿಯೊಂದರಲ್ಲಿ, ಅದು ಶುರುವಾದ ಮೊದಲ ವಾರದಿಂದ ಹಿಡಿದು ಈ ಹನ್ನೊಂದನೆಯ ವರ್ಷದವರೆಗೆ, ಅವರದ್ದು ಒಂದೇ ಕೆಲಸ. ಒಂದು ಪ್ರೌಢಶಾಲೆಯ ಹಾಡುಗಾರ ಮಕ್ಕಳ ಕಥೆ ಅದು. ಅಲ್ಲಿನ ಮಕ್ಕಳು ಪ್ರೀತಿಯಲ್ಲಿ ಬೀಳುತ್ತಾರೆ, ಫೇಲಾಗುತ್ತಾರೆ, ಅಪ್ಪ ಅಮ್ಮನ ಜಗಳ ತಾಳಲಾರದೆ ಮನೆ ಬಿಟ್ಟು ಹೋಗಿ ಎರಡು ಕಂತಿನ ನಂತರ ವಾಪಸ್ ಬರುತ್ತಾರೆ, ಮಾತಿನಲ್ಲಿ ಹೇಳಲಾಗದ್ದನ್ನು ಹಾಡಿಬಿಡುತ್ತಾರೆ. ಒಂದು ತಂಡ ಶಾಲೆ ಮುಗಿಸಿ ಹೊರಟರೆ ಇನ್ನೊಂದು ತಂಡ ಒಳಗೆ ಬರುತ್ತದೆ. ಕೆಲಸಗಾರರು ಯಾರೂ ಅದನ್ನು ಧಾರಾವಾಹಿ ಎನ್ನುವುದಿಲ್ಲ, 'ಶಾಲೆ' ಎನ್ನುತ್ತಾರೆ. ನಾಳೆ ಶಾಲೆ ಇದೆಯಾ, ಇವತ್ತು ಶಾಲೆ ಬೇಗ ಬಿಡ್ತು, ಹೀಗೆ.

ಇವತ್ತು ಆ ಶಾಲೆಯ ಕಡೆಯ ದಿನ. ಕಡೆಯ ಕಂತಿನ ಕಡೆಯ ಹಾಡನ್ನು ಇವತ್ತು ಚಿತ್ರಿಸಬೇಕು.

ತೆರೆಯ ಮೇಲೆ ಹಾಡುವ ಮಕ್ಕಳು ನಿಜವಾಗಿ ಹಾಡುವುದಿಲ್ಲ. ಬೇರೆಯವರು ಮೊದಲೇ ಹಾಡಿ ಧ್ವನಿಮುದ್ರಣ ಮುಗಿಸಿರುತ್ತಾರೆ. ಚಿತ್ರೀಕರಣದ ದಿನ ಅದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ಮಕ್ಕಳು ಅದಕ್ಕೆ ತುಟಿ ಆಡಿಸುತ್ತ ಅಭಿನಯಿಸುತ್ತಾರೆ. ಕುಣಿಯುವುದನ್ನು ನೆನಪಿಟ್ಟುಕೊಂಡು, ಬೆಳಕಿನ ಗುರುತಿನ ಮೇಲೆ ಹೆಜ್ಜೆ ಇಟ್ಟು, ಮುಖದಲ್ಲಿ ಭಾವ ತಂದು, ಅದರ ಮೇಲೆ ತುಟಿಯನ್ನೂ ತಾಳಕ್ಕೆ ಸರಿಯಾಗಿ ಆಡಿಸಬೇಕೆಂದರೆ ಹದಿನಾರು ವರ್ಷದ ಮಕ್ಕಳಿಗೆ ತಲೆ ಗಿರ್ರೆನ್ನುತ್ತದೆ. ಆಗ ಅವರು ನೋಡುವುದು ಕ್ಯಾಮೆರಾದ ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕುಕ್ಕರಿಸಿದ ತುಟಿಯಕ್ಕನನ್ನು. ಮೈಯೆಲ್ಲ ಕತ್ತಲೆಯಲ್ಲಿ ಕರಗಿ, ಕೆಂಪು ತುಟಿಗಳು ಮಾತ್ರ ಹಾಡುತ್ತಿರುತ್ತವೆ, ಸದ್ದಿಲ್ಲದೆ.

"ಮ, ಪ, ಬ ಬಂದಾಗ ತುಟಿ ಕೂಡಲೇಬೇಕು. ಕೂಡದಿದ್ರೆ ನೋಡೋರಿಗೆ ಏನೋ ಸರಿ ಇಲ್ಲ ಅನ್ಸುತ್ತೆ, ಏನು ಅಂತ ಅವರಿಗೂ ಗೊತ್ತಾಗಲ್ಲ," ಎಂದು ಅವರು ಬೆರಳಿನಿಂದ ತಮ್ಮದೇ ತುಟಿ ಮುಟ್ಟಿ ತೋರಿಸುತ್ತಾರೆ. "ಅದಾದ ಮೇಲೆ ಉಸಿರು. ಮಕ್ಕಳು ಎಲ್ಲಾ ಕಲೀತಾರೆ, ಉಸಿರು ತಗೊಳ್ಳೋದನ್ನೇ ಮರೀತಾರೆ. ಹಾಡೋಳು ಸಾಲಿಗೆ ಮುಂಚೆ ಉಸಿರು ಎಳ್ಕೊಂಡಿರ್ತಾಳೆ. ಇವರೂ ಎಳ್ಕೋಬೇಕು. ಹಾಡು ಶುರು ಆಗೋದು ಅಲ್ಲಿಂದ."

ಆ ಉಸಿರು, ಹನ್ನೊಂದು ವರ್ಷಗಳ ಕಾಲ, ಅವರ ತಂಗಿಯದ್ದಾಗಿತ್ತು.

ಅಕ್ಕ ತಂಗಿ ಇಬ್ಬರೂ ಹಾಡುತ್ತಿದ್ದರು. ಸಭಾಂಗಣಗಳಲ್ಲಿ, ಹೋಟೆಲಿನ ಔತಣಗಳಲ್ಲಿ, ಕಾರ್ಖಾನೆಯ ವಾರ್ಷಿಕೋತ್ಸವಗಳಲ್ಲಿ, ಎಲ್ಲಿ ಕರೆದರೆ ಅಲ್ಲಿ. ಅಕ್ಕನದ್ದು ತಗ್ಗಿನ ದನಿ, ತಂಗಿಯದ್ದು ಏರುದನಿ. ಒಂದೇ ಮೈಕಿನ ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರೆ ನಾಲ್ಕು ಜನ ಹಾಡಿದ ಹಾಗೆ ಕೇಳುತ್ತಿತ್ತು ಎಂದು ಕೇಳಿದವರು ಈಗಲೂ ಹೇಳುತ್ತಾರೆ. ಅಕ್ಕನಿಗೆ ಮೂವತ್ತು ತುಂಬುವ ಮೊದಲು ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ದನಿ ವಾಪಸ್ ಬರಲಿಲ್ಲ.

"ಡಾಕ್ಟರು ಮೊದಲೇ ಹೇಳಿದ್ರು, ಹಿಂಗೂ ಆಗಬಹುದು ಅಂತ. ಅವರ ತಪ್ಪೇನಿಲ್ಲ," ಎನ್ನುತ್ತಾರೆ ಅಕ್ಕ. "ಆದ್ರೆ ಅವತ್ತು ಕೇಳಿಸ್ಕೊಂಡೋರು ಯಾರು?"

ಅದಾದ ಮೇಲೆ ಎಷ್ಟೋ ಕಾಲ ಅವರು ಮನೆಯ ಹೊಸಿಲು ದಾಟಲಿಲ್ಲ. ತಂಗಿ ಒಬ್ಬಳೇ ಹಾಡಲು ಹೋಗಿ ಬಂದ ದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ರೇಡಿಯೋ ಹಾಕುವಂತಿರಲಿಲ್ಲ. ತಂಗಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಅವಳಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಅಕ್ಕ ಮದುವೆಯಾಗಲಿಲ್ಲ. ಅದೇ ಕಟ್ಟಡದಲ್ಲಿ ಕೆಳಗಿನ ಮನೆ ತಂಗಿಯದ್ದು, ಮೇಲಿನ ಒಂಟಿ ಕೋಣೆ ಅಕ್ಕನದ್ದು.

ಹೊಸ ಧಾರಾವಾಹಿಯ ನಾಯಕಿಗೆ ದನಿ ಕೊಡಲು ತಂಗಿಗೆ ಕರೆ ಬಂದಾಗ ಅವಳು ಅಕ್ಕನ ಕೈ ಹಿಡಿದು ಎಳೆದುಕೊಂಡು ಹೊರಟಳು. ನನಗೆ ಭಯ, ಜೊತೆಗೆ ಬಾ ಎಂದಳು. ಭಯವೇನೂ ಇರಲಿಲ್ಲ, ನನ್ನನ್ನು ಮನೆಯಿಂದ ಹೊರಡಿಸಲು ಹೂಡಿದ ನಾಟಕ ಅದು ಎಂದು ಅಕ್ಕನಿಗೆ ಆಮೇಲೆ ಗೊತ್ತಾಯಿತು.

ಮೊದಲ ಹಾಡಿನ ಚಿತ್ರೀಕರಣದ ದಿನ ನಾಯಕಿಯ ಪಾತ್ರದ ಹುಡುಗಿಗೆ ತುಟಿ ಕೂಡುತ್ತಲೇ ಇರಲಿಲ್ಲ. ಮತ್ತೆ ಮತ್ತೆ ಹಾಡು ಹಾಕಿದರು, ಮತ್ತೆ ಮತ್ತೆ ನಿಲ್ಲಿಸಿದರು. ನಿರ್ದೇಶಕರ ಸಹನೆ ಕರಗಿತು, ಹುಡುಗಿ ಅಳುವುದೊಂದು ಬಾಕಿ. ಅಷ್ಟರಲ್ಲಿ ಒಂದು ಸಲ ಎಲ್ಲವೂ ತನ್ನಿಂತಾನೇ ಸರಿಹೋಯಿತು. ಹುಡುಗಿಯ ಕಣ್ಣು ಎಲ್ಲಿ ನೆಟ್ಟಿದೆ ಎಂದು ನಿರ್ದೇಶಕರು ತಿರುಗಿ ನೋಡಿದರೆ, ತಮ್ಮ ಕುರ್ಚಿಯ ಹಿಂದೆ ನಿಂತ ಅಪರಿಚಿತ ಹೆಂಗಸೊಬ್ಬರು ತಂಗಿಯ ಹಾಡಿಗೆ ತಮ್ಮ ಅರಿವಿಲ್ಲದೆ ತುಟಿ ಆಡಿಸುತ್ತಿದ್ದಾರೆ.

"ನಾನು ನಾಲಿಗೆ ಕಚ್ಕೊಂಡು ನಿಲ್ಲಿಸಿದೆ. ಬೈತಾರೇನೋ ಅನ್ಕೊಂಡೆ," ಎಂದು ನೆನೆಯುತ್ತಾರೆ ಅಕ್ಕ. "ಅವರು ಸ್ಟೂಲ್ ತರಿಸಿದ್ರು."

ಆ ಸ್ಟೂಲಿನ ಮೇಲಿನ ಕೆಲಸಕ್ಕೆ ಕಚೇರಿಯಲ್ಲಿ ಹೆಸರೇ ಇರಲಿಲ್ಲ. ಯಾವುದೋ ಖಾಲಿ ಇದ್ದ ಜಾಗಕ್ಕೆ ಅವರನ್ನು ಸೇರಿಸಿಬಿಟ್ಟರು. ಹಾಗಾಗಿ ಕಾಗದದ ಮೇಲೆ ಅವರು ಇವತ್ತಿಗೂ 'ನೃತ್ಯ ಸಹಾಯಕಿ'. "ಈ ಮಂಡಿ ಇಟ್ಕೊಂಡು," ಎಂದು ಅವರು ಪಟ್ಟಿಯ ಮೇಲೆ ತಟ್ಟಿಕೊಂಡು ನಗುತ್ತಾರೆ. ನಗುವಿಗೂ ಸದ್ದಿಲ್ಲ, ಭುಜ ಕುಲುಕುವುದಷ್ಟೇ ಕಾಣುತ್ತದೆ.

ಅಲ್ಲಿಂದ ಮುಂದೆ ಅಕ್ಕ ತಂಗಿಯ ಸಂಜೆಗಳಿಗೆ ಮತ್ತೆ ಹಾಡು ಬಂತು. ಹೊಸ ಹಾಡು ಕೈಗೆ ಬಂದರೆ ತಂಗಿ ಒಗೆದ ಬಟ್ಟೆ ಮಡಚುತ್ತ ಹಾಡುತ್ತಿದ್ದಳು, ಅಕ್ಕ ಎದುರಿಗೆ ಕೂತು ತುಟಿ ಆಡಿಸುತ್ತಿದ್ದರು. ಎಲ್ಲಿ ಉಸಿರು, ಎಲ್ಲಿ ಎಳೆತ, ಯಾವ ಪದದ ಕೊನೆಯಲ್ಲಿ ಸಣ್ಣ ನಗು, ಎಲ್ಲವೂ ಅವರ ಬಾಯಿಗೆ ಇಳಿಯುತ್ತಿತ್ತು. ಬಸ್ಸಿನಲ್ಲೂ ಅದೇ ಅಭ್ಯಾಸ. ತಮ್ಮಷ್ಟಕ್ಕೆ ತುಟಿ ಕುಣಿಸುತ್ತ ಕೂತವರನ್ನು ಕಂಡು ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದದ್ದೂ ಇದೆ. "ಒಳ್ಳೇದೇ ಆಯ್ತು, ಕಾಲು ಚಾಚ್ಕೊಂಡು ಬಂದೆ," ಎನ್ನುತ್ತಾರೆ.

ಧಾರಾವಾಹಿಯ ನಾಯಕಿಯರು ಬದಲಾದರು. ಮೊದಲನೆಯವಳು ಸಿನಿಮಾಕ್ಕೆ ಹೋದಳು, ಎರಡನೆಯವಳು ಓದಲು ಹೋದಳು. ಈಗಿರುವವಳು ಗಿಡ್ಡಗೆ, ಚುರುಕಾಗಿ ಇರುವ ಹುಡುಗಿ. ಎಲ್ಲರೂ ಅವಳನ್ನು 'ಮೆಣಸು' ಎನ್ನುತ್ತಾರೆ. ಮೂವರಿಗೂ ದನಿ ಒಂದೇ. ನಲವತ್ತು ದಾಟಿದ ಹೆಂಗಸೊಬ್ಬಳು ಹದಿನಾರರ ಹುಡುಗಿಯ ಮೊದಲ ಪ್ರೀತಿಯನ್ನು, ಅಪ್ಪನ ಮೇಲಿನ ಸಿಟ್ಟನ್ನು, ಪರೀಕ್ಷೆಯ ಭಯವನ್ನು ಹಾಡಿದಳು. ಊರಿನ ಹುಡುಗಿಯರು ಅವಳ ಹಾಗೆ ಹಾಡಲು ಕನ್ನಡಿಯ ಮುಂದೆ ಒದ್ದಾಡಿದರು. ದನಿಯ ಹಿಂದಿನ ತಂಗಿಯ ಮುಖ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಅಕ್ಕ ಎಂಬುವವರೊಬ್ಬರು ಇದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಕಳೆದ ವರ್ಷ ಒಂದೇ ತಿಂಗಳಲ್ಲಿ ಎರಡು ಸುದ್ದಿ ಬಂದವು. ಧಾರಾವಾಹಿಯನ್ನು ಮುಗಿಸುತ್ತೇವೆ ಎಂದು ಚಾನೆಲ್‌ನವರು ತಿಳಿಸಿದರು. ತಂಗಿಯ ಹೊಟ್ಟೆನೋವು ಬರೀ ಹೊಟ್ಟೆನೋವಲ್ಲ ಎಂದು ಆಸ್ಪತ್ರೆಯವರು ತಿಳಿಸಿದರು.

ತಂಗಿ ಮೊದಲನೆಯ ಸುದ್ದಿಗೆ ಅತ್ತಳು, ಎರಡನೆಯದಕ್ಕೆ ಅಳಲಿಲ್ಲ. ಕಡೆಯ ಕಂತುಗಳ ಹಾಡುಗಳನ್ನು ಬೇಗ ಮುಗಿಸಿಕೊಡುತ್ತೇನೆ, ಸಾಹಿತ್ಯ ಬೇಗ ಬರೆಸಿ ಎಂದು ಸಂಗೀತ ನಿರ್ದೇಶಕರಿಗೆ ದುಂಬಾಲು ಬಿದ್ದಳು. ಅಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಚಿಕಿತ್ಸೆಯ ನಡುವೆ ಮೈ ಸ್ವಲ್ಪ ಹಗುರ ಎನಿಸಿದ ದಿನ ತಂಗಿ ಸ್ಟುಡಿಯೋಕ್ಕೆ ಬರುತ್ತಿದ್ದಳು. ಕೂದಲು ಉದುರಿದ ತಲೆಗೆ ಉಣ್ಣೆಯ ಟೋಪಿ. ನಿಂತು ಹಾಡಲಾಗದೆ ಕುರ್ಚಿಯಲ್ಲಿ ಕೂತಳು. ಹಾಗೇ ಒಂದೊಂದಾಗಿ ಎಲ್ಲ ಹಾಡುಗಳನ್ನೂ ಮುಗಿಸಿದಳು, ಕಟ್ಟಕಡೆಯದೊಂದನ್ನು ಬಿಟ್ಟು. ಅದನ್ನು ಮಾದರಿಗೆಂದು ಒಂದು ಸಲ ಹಾಡಿದಳು. ಎರಡನೆಯ ಚರಣದ ನಡುವೆ ಉಸಿರು ಕಟ್ಟಿತು. ನಿಲ್ಲಿಸಿ, "ಇರಿ ಮೇಷ್ಟ್ರೇ, ಇನ್ನೊಂದ್ಸಲ ತಗೋತೀನಿ," ಎಂದಳು. ಮೇಷ್ಟ್ರು ಇವತ್ತು ಸಾಕು, ಮುಂದಿನ ವಾರ ನೋಡೋಣ ಎಂದರು.

ಮುಂದಿನ ವಾರ ತಂಗಿ ಆಸ್ಪತ್ರೆಯಲ್ಲಿದ್ದಳು. ಅಲ್ಲಿಂದ ಮನೆಗೆ ಬರಲಿಲ್ಲ.

ಅಕ್ಕ ಎರಡು ವಾರದ ಮೇಲೆ ಕೆಲಸಕ್ಕೆ ಹಿಂತಿರುಗಿದರು. ಅವತ್ತು ಚಿತ್ರಿಸಬೇಕಿದ್ದುದು ತಂಗಿ ಮೊದಲೇ ಮುಗಿಸಿಟ್ಟಿದ್ದ ಒಂದು ತುಂಟ ಹಾಡು. ಮಕ್ಕಳು ತರಗತಿಯಲ್ಲಿ ಉಪಾಧ್ಯಾಯರ ಕನ್ನಡಕ ಬಚ್ಚಿಟ್ಟು ಕಾಡುವ ಹಾಡು. ಬೇರೊಂದು ದಿನ ಇಟ್ಟುಕೊಳ್ಳೋಣವೇ ಎಂದು ನಿರ್ದೇಶಕರು ಕೇಳಿದರು. ಬೇಡ ಎಂದು ಅಕ್ಕ ತಲೆ ಆಡಿಸಿ ಸ್ಟೂಲಿನ ಮೇಲೆ ಕೂತರು. ಸ್ಪೀಕರಿನಲ್ಲಿ ತಂಗಿ ಕಿಲಕಿಲ ನಕ್ಕು ಹಾಡು ಎತ್ತಿದಳು. ದೀಪ ಹಿಡಿದವರು, ತಂತಿ ಎಳೆಯುವವರು, ಎಲ್ಲರೂ ನೆಲ ನೋಡುತ್ತ ನಿಂತರು. ಅಕ್ಕನ ಕೆಂಪು ತುಟಿ ನಕ್ಕಿತು, ಹುಬ್ಬು ಹಾರಿತು, ಎಲ್ಲ ಸಾಲಿಗೂ ಉಸಿರು ಸರಿಯಾಗಿ ಬಿತ್ತು.

ತಡೆಯಲಾಗದೆ ಹೋದದ್ದು ಮೆಣಸಿಗೆ. ಅವಳು ನಾಲ್ಕನೆಯ ಸಾಲಿಗೆ ಮುಖ ಮುಚ್ಚಿಕೊಂಡು ಕುಸಿದಳು. ಅಕ್ಕ ಎದ್ದು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತರು.

"ನಿಮಗೆ ಹೆಂಗಾಗುತ್ತೆ ಅಕ್ಕ ಇದು?" ಎಂದಳು ಮೆಣಸು. "ನಿಮ್ಮ ಮುಖ ನೋಡೋಕಾಗ್ತಿಲ್ಲ ನನಗೆ."

"ಮುಖ ನೋಡಬೇಡ, ತುಟಿ ನೋಡು," ಎಂದರು ಅಕ್ಕ. "ನೀನು ಅತ್ರೆ ನಿನ್ನ ತುಟಿ ನಡುಗುತ್ತೆ. ಅವಳ ದನಿ ನಡುಗಿಲ್ಲ ನೋಡು. ಅಷ್ಟು ನೋವಿಟ್ಕೊಂಡು ಒಂದು ಕಡೆನೂ ನಡುಗಿಸಿಲ್ಲ. ನಾವಿಬ್ರೂ ಸೇರಿ ಅದನ್ನ ಹಾಳು ಮಾಡೋದಾ?"

ಮೆಣಸು ಮುಖ ತೊಳೆದುಕೊಂಡು ಬಂದಳು. ಹಾಡು ಮುಗಿಯಿತು.

ನಿಜವಾದ ಕಷ್ಟ ಅದಾದ ನಂತರ ಬಂತು. ಕಟ್ಟಕಡೆಯ ಹಾಡನ್ನು ಏನು ಮಾಡುವುದು? ನಿರ್ದೇಶಕರು, ಮೇಷ್ಟ್ರು, ಚಾನೆಲ್‌ನ ಒಬ್ಬ ಅಧಿಕಾರಿ ಸೇರಿ ಅಕ್ಕನನ್ನು ಕರೆಸಿ ಕೂರಿಸಿದರು. ತಂಗಿಯ ಗಂಡ ಮೊದಲೇ ಕೈ ಚೆಲ್ಲಿದ್ದರು: ಅಕ್ಕ ಹೇಳಿದ ಹಾಗೇ ಮಾಡಿ, ನನ್ನನ್ನು ಕೇಳಬೇಡಿ. ಮಾದರಿಗೆಂದು ಹಾಡಿದ್ದು ಪೂರ್ತಿ ಹಾಳಾಗಿಲ್ಲ ಎಂದರು ಮೇಷ್ಟ್ರು. ಉಸಿರು ಕಟ್ಟಿದ ಜಾಗವನ್ನು ಹಾಗೇ ಬಿಡಬಹುದು, ಅಥವಾ ಅವಳದ್ದೇ ಹಳೆಯ ಹಾಡುಗಳಿಂದ ಪದಗಳನ್ನು ಕತ್ತರಿಸಿ ತಂದು ತೇಪೆ ಹಾಕಬಹುದು, ಈಗೆಲ್ಲ ಅದು ಸುಲಭ. ಹಾಗೇ ಬಿಡುವುದೇ ಒಳ್ಳೆಯದು ಎಂಬುದು ಅಧಿಕಾರಿಯ ಮಾತು. ಅಗಲಿದ ಗಾಯಕಿಯ ಕೊನೆಯ ಹಾಡು ಎಂದು ಎಲ್ಲೆಡೆ ಹೇಳಬಹುದು. ಜನ ನೋಡದೆ ಇರಲಾರರು.

ಹಾಡು ಹಾಕಿದರು. ಅಕ್ಕ ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಚರಣ ಬಂತು, ದನಿ ಏರುತ್ತ ಏರುತ್ತ ಒಂದು ಕಡೆ ದಾರದ ಹಾಗೆ ಸಣ್ಣಗಾಗಿ ತುಂಡಾಯಿತು. ಆಮೇಲೆ ಕೆಮ್ಮು. ಆಮೇಲೆ, ಇರಿ ಮೇಷ್ಟ್ರೇ.

ನಾಳೆ ಹೇಳುತ್ತೇನೆ ಎಂದು ಅಕ್ಕ ಎದ್ದು ಬಂದರು.

ಮನೆಗೆ ಬಂದರೆ ತಂಗಿಯ ಮಗಳು ಮೆಟ್ಟಿಲ ಮೇಲೆಯೇ ಕಾಯುತ್ತಿದ್ದಳು. ಧಾರಾವಾಹಿಯ ಮಕ್ಕಳದ್ದೇ ವಯಸ್ಸಿನ ಹುಡುಗಿ. ವಿಷಯ ಅವಳ ಕಿವಿಗೆ ಆಗಲೇ ಬಿದ್ದಿತ್ತು.

"ಅಮ್ಮಂದೇ ಹಾಕ್ಲಿ ದೊಡ್ಡಮ್ಮ. ಅರ್ಧ ಆದ್ರೂ ಪರವಾಗಿಲ್ಲ. ಅಮ್ಮನ ದನೀಲೇ ಮುಗೀಲಿ."

ಅಕ್ಕನಿಗೂ ಬೇಕಿದ್ದುದು ಅದೇ. ಅದನ್ನು ಅವರು ಮುಚ್ಚಿಡುವುದಿಲ್ಲ. ಬೇರೆ ಯಾರದೋ ದನಿಗೆ ತಮ್ಮ ತುಟಿ ಆಡಿಸುವುದನ್ನು ನೆನೆಯಲೂ ಆಗುತ್ತಿರಲಿಲ್ಲ. ಆದರೆ ಕಿವಿಯಲ್ಲಿ ಉಳಿದದ್ದು ಹಾಡಲ್ಲ, ಇನ್ನೊಂದ್ಸಲ ತಗೋತೀನಿ ಎಂಬ ಮಾತು. ಹಿಂದೆ ಅವಳು ಹಾಗೆಂದಾಗಲೆಲ್ಲ ಏನಾಗುತ್ತಿತ್ತು? ಎಲ್ಲರೂ ಚೆನ್ನಾಗಿದೆ ಎಂದರೂ ಅವಳು ಒಪ್ಪುತ್ತಿರಲಿಲ್ಲ. ಹಾಡಿದ್ದನ್ನು ಅಳಿಸಿಹಾಕಿಸಿ, ಅಳಿಸಿದ್ದನ್ನು ಕಣ್ಣಾರೆ ನೋಡಿ, ಆಮೇಲೆಯೇ ಮತ್ತೆ ಹಾಡುತ್ತಿದ್ದಳು.

ಮರುದಿನ ಅಕ್ಕ ಹೇಳಿದ್ದು ಇಷ್ಟು: "ಇನ್ನೊಂದ್ಸಲ ಅಂದಿದ್ಲು. ಅಂದ್ರೆ ಇದು ಬೇಡ ಅಂತ. ಬೇರೆಯವರ ಕೈಲಿ ಹಾಡಿಸಿ."

"ಜನ ಕಣ್ಣೀರು ಹಾಕ್ತಾರೆ ಅಮ್ಮ ಇದನ್ನ ಕೇಳಿದ್ರೆ," ಎಂದರು ಚಾನೆಲ್‌ನವರು.

"ಹಾಕ್ಲಿ. ಅವಳು ಹಾಡಿದ್ದಕ್ಕೆ ಹಾಕ್ಲಿ. ಉಸಿರು ಕಟ್ಟಿದ್ದಕ್ಕೆ ಬೇಡ."

ಹಾಗಿದ್ದರೆ ಮಗಳ ಕೈಲಿ ಹಾಡಿಸೋಣವೇ ಎಂದು ಅಧಿಕಾರಿ ಇನ್ನೊಂದು ದಾರಿ ತೆಗೆದರು. ಆ ಮಾತು ಮನೆ ಮುಟ್ಟಿದಾಗ ಮಗಳು, "ನನಗೆ ಹಾಡೋಕೆ ಬರಲ್ಲ. ಬಂದಿದ್ರೂ ಹಾಡ್ತಿರಲಿಲ್ಲ," ಎಂದು ಬಾಗಿಲು ಹಾಕಿಕೊಂಡಳು. ಸಿಟ್ಟು ಚಾನೆಲ್‌ನವರ ಮೇಲಲ್ಲ, ದೊಡ್ಡಮ್ಮನ ಮೇಲೆ. ಮೇಲಿನ ಕೋಣೆಗೆ ಬರುವುದನ್ನು ನಿಲ್ಲಿಸಿದಳು. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಇಳಿಯುತ್ತಿದ್ದಳು. ಅಕ್ಕನಿಗೆ ಆ ಮುಚ್ಚಿದ ಬಾಗಿಲು ಹೊಸದಲ್ಲ. ಒಂದು ಕಾಲದಲ್ಲಿ ಅದನ್ನು ಹಾಕಿಕೊಂಡು ಒಳಗೆ ಕೂತವರು ಅವರೇ. ಆಗ ತಂಗಿ ತಟ್ಟಿರಲಿಲ್ಲ, ಈಗ ಅವರೂ ತಟ್ಟಲಿಲ್ಲ.

ಒಂದು ಕೆಲಸ ಮಾತ್ರ ಮಾಡಿದರು. ಆ ಅರ್ಧ ಹಾಡಿನ ಪ್ರತಿಯನ್ನು ಮೇಷ್ಟ್ರಿಂದ ಕೇಳಿ ಪಡೆದು ಮಗಳಿಗೆ ತಲುಪಿಸಿದರು. ಇದು ಟಿ.ವಿ.ಗಲ್ಲ, ನಿನಗೆ ಎಂದರು. ಮಗಳು ಅದನ್ನು ಕೇಳಿದಳೋ ಇಲ್ಲವೋ ಕೆಲವು ದಿನ ಗೊತ್ತಾಗಲಿಲ್ಲ. ಒಂದು ಬೆಳಗ್ಗೆ ಅಕ್ಕ ಕೆಲಸಕ್ಕೆ ಹೊರಟಾಗ ಅವಳು ಕೆಳಗಿನ ಮನೆಯ ಬಾಗಿಲು ತೆರೆದು ನಿಂತಿದ್ದಳು.

"ಅಮ್ಮ ಕೆಮ್ಮಿದ ಮೇಲೆ ಲೊಚ್ ಅಂತ ಲೊಚಗುಟ್ಟಿದಾಳೆ ಅಲ್ವಾ ದೊಡ್ಡಮ್ಮ?"

"ಹೂಂ."

"ನಾನು ಸಾಮಾನು ಎಲ್ಲೆಲ್ಲೋ ಎಸೆದು ಹೋದಾಗ ಹಂಗೇ ಮಾಡ್ತಿದ್ಲು. ಅವಳಿಗೆ ಸಿಟ್ಟು ಬಂದಿದೆ ಅದ್ರಲ್ಲಿ."

"ತುಂಬಾ ಸಿಟ್ಟು ಬಂದಿದೆ," ಎಂದರು ಅಕ್ಕ.

ಇಬ್ಬರೂ ಅಲ್ಲೇ ಬಾಗಿಲಲ್ಲಿ ನಿಂತು ಸ್ವಲ್ಪ ನಕ್ಕರು, ಸ್ವಲ್ಪ ಅತ್ತರು. ಅವತ್ತು ಅಕ್ಕ ಬಸ್ಸು ತಪ್ಪಿಸಿಕೊಂಡರು. ಕೆಲಸಕ್ಕೆ ತಡವಾಗಿ ಬಂದದ್ದು ಅದೊಂದೇ ದಿನ ಎಂದು ಮೇಕಪ್‌ನವನು ಹೇಳುತ್ತಾನೆ.

ಕಡೆಯ ಹಾಡಿಗೆ ಮೇಷ್ಟ್ರು ಆರಿಸಿದ್ದು ತಂಗಿಯ ಹಿಂದೆ ವರ್ಷಗಟ್ಟಲೆ ಕೋರಸ್ ಹಾಡಿದ ಒಬ್ಬ ಹುಡುಗಿಯನ್ನು. ಒಂಟಿ ಮೈಕಿನ ಮುಂದೆ ಅವಳು ನಿಂತದ್ದು ಅದೇ ಮೊದಲು. ಭಯಕ್ಕೆ ತಂಗಿಯ ಹಾಗೇ ಹಾಡಲು ಹೊರಟಳು: ಅದೇ ಎಳೆತ, ಪದದ ಕೊನೆಯಲ್ಲಿ ಅದೇ ಸಣ್ಣ ನಗು. ಗಾಜಿನ ಆಚೆ ಕೂತಿದ್ದ ಅಕ್ಕ ಒಂದು ಚರಣ ಪೂರ್ತಿ ಕೇಳಿದರು. ಆಮೇಲೆ ಒಳಗೆ ಹೋದರು. ಆಪರೇಷನ್ ಆದಮೇಲೆ ಅವರು ಮೈಕಿರುವ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಹಾಡುಗಾರ್ತಿಯ ಕಿವಿಯ ಹತ್ತಿರ ಬಾಗಿದರು.

"ಅವಳ ಹಾಗೆ ಹಾಡಬೇಡಮ್ಮ. ಅವಳ ಹಾಗೆ ಹಾಡಿದ್ರೆ ನಾನು ಅವಳನ್ನೇ ಹುಡುಕ್ತೀನಿ, ನೀನು ಸಿಗೋದೇ ಇಲ್ಲ. ನಿನಗೆ ಎಲ್ಲಿ ಉಸಿರು ಬೇಕೋ ಅಲ್ಲಿ ತಗೋ. ನಾನು ಕಲ್ತ್ಕೋತೀನಿ."

ಕಲಿಯುವುದು ಅಷ್ಟು ಸಲೀಸಾಗಿರಲಿಲ್ಲ. ಹನ್ನೊಂದು ವರ್ಷ ಒಂದೇ ಉಸಿರಿಗೆ ಒಗ್ಗಿದ ಬಾಯಿ ಅದು. ಹೊಸ ಹುಡುಗಿ ಸಾಲಿನ ನಡುವೆ, ತಂಗಿ ಎಂದೂ ನಿಲ್ಲಿಸದ ಕಡೆ, ತಟ್ಟನೆ ಉಸಿರೆಳೆಯುತ್ತಾಳೆ. ಅಕ್ಕನ ತುಟಿ ಅಲ್ಲಿ ನಿಲ್ಲದೆ ಮುಂದೆ ಓಡಿಬಿಡುತ್ತಿತ್ತು. ವಾರವಿಡೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಕೂತು ತಿದ್ದಿಕೊಂಡರು. ಎದುರಿಗೆ ಮಡಚಲು ಬಟ್ಟೆ ಇಟ್ಟುಕೊಂಡವರು ಯಾರೂ ಇರಲಿಲ್ಲ. ಮಗಳು ಆಗಾಗ ಬಂದು ಕೂರುತ್ತಿದ್ದಳು, ಪುಸ್ತಕ ಬಿಚ್ಚಿಕೊಂಡು, ಓದುವವಳ ಹಾಗೆ.

ಈಗ ಶಾಲೆಯ ದೊಡ್ಡ ಹಾಲಿನಲ್ಲಿ ಎಲ್ಲರೂ ಸಿದ್ಧರಾಗಿದ್ದಾರೆ. ಕಿಟಕಿಗಳಿಂದ ಬೆಳಗಿನ ನಸುಬೆಳಕು ಬೀಳುವ ಹೊತ್ತಿಗೇ ಹಾಡು ಮುಗಿಯಬೇಕೆಂಬುದು ನಿರ್ದೇಶಕರ ಆಸೆ. ವೇದಿಕೆಯ ಮೇಲೆ ಈಗಿನ ತಂಡ. ಅವರ ಹಿಂದೆ, ಶಾಲೆ ಬಿಟ್ಟು ಹೋಗಿದ್ದ ಹಳೆಯ ತಂಡಗಳ ಮಕ್ಕಳು ಕಡೆಯ ಸಲಕ್ಕೆ ಬಂದು ನಿಂತಿದ್ದಾರೆ. ಅವರು ಮಕ್ಕಳಲ್ಲ ಈಗ. ಒಬ್ಬನಿಗೆ ಗಡ್ಡ ಬಂದಿದೆ, ಮೊದಲ ನಾಯಕಿ ತನ್ನ ಪುಟ್ಟ ಮಗುವನ್ನು ಮೇಕಪ್ ಕೋಣೆಯಲ್ಲಿ ಮಲಗಿಸಿ ಬಂದಿದ್ದಾಳೆ. ಸಮವಸ್ತ್ರದಲ್ಲಿ ಎಲ್ಲರಿಗೂ ಸ್ವಲ್ಪ ನಾಚಿಕೆ. ಹಾಲಿನ ಕೊನೆಯಲ್ಲಿ, ತಂತಿಗಳ ಆಚೆ, ತಂಗಿಯ ಮಗಳು ಗೋಡೆಗೊರಗಿ ನಿಂತಿದ್ದಾಳೆ. ಬರುತ್ತೇನೆಂದು ಅವಳೇ ಕೇಳಿ ಬಂದದ್ದು.

ಅಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಮಂಡಿ ಸಣ್ಣಗೆ ಲಟಕ್ಕೆನ್ನುತ್ತದೆ. ಸ್ಪೀಕರಿನಲ್ಲಿ ಹೊಸ ದನಿ ಏಳುತ್ತದೆ. ಅದು ತಂಗಿಯ ದನಿಯಷ್ಟು ಎತ್ತರಕ್ಕೆ ಹೋಗುವುದಿಲ್ಲ; ಬೇರೆ ಕಡೆಯಿಂದ, ಸ್ವಲ್ಪ ತಡವರಿಸುತ್ತ, ತನ್ನದೇ ದಾರಿ ಹಿಡಿದು ಬರುತ್ತದೆ. ಅಕ್ಕ ಉಸಿರೆಳೆಯುತ್ತಾರೆ, ವೇದಿಕೆಯ ಮೇಲೆ ಹತ್ತಾರು ಎದೆಗಳು ಒಟ್ಟಿಗೆ ಏರುತ್ತವೆ. ಎರಡನೆಯ ಚರಣ ಬರುತ್ತದೆ. ದನಿ ಏರುವ ಆ ಜಾಗದಲ್ಲಿ ಹೊಸ ಹುಡುಗಿ ತಟ್ಟನೆ ಉಸಿರೆಳೆದು ದಾಟುತ್ತಾಳೆ. ಅಕ್ಕನೂ ದಾಟುತ್ತಾರೆ. ಮೆಣಸು ದಾಟುತ್ತಾಳೆ, ಹಿಂದಿನ ಸಾಲೂ ದಾಟುತ್ತದೆ. ಕಡೆಯ ಸಾಲಿನ ಕಡೆಯ ಮಕಾರಕ್ಕೆ ಎಲ್ಲರ ತುಟಿಗಳೂ ಒಟ್ಟಿಗೆ ಕೂಡುತ್ತವೆ.

ನಿರ್ದೇಶಕರು ಸಾಕು ಎನ್ನುತ್ತಾರೆ. ಆಮೇಲೆ ಯಾರೋ ಚಪ್ಪಾಳೆ ತಟ್ಟುತ್ತಾರೆ, ಯಾರೋ ಮೂಗು ಒರೆಸಿಕೊಳ್ಳುತ್ತಾರೆ, ಹಳೆಯ ತಂಡ ಹೊಸ ತಂಡವನ್ನು ತಬ್ಬಿಕೊಳ್ಳುತ್ತದೆ. ಅಕ್ಕ ಏಳಲು ನೋಡಿ, ಮಂಡಿ ಒಪ್ಪದೆ, ಅಲ್ಲೇ ಕೂತಿರುತ್ತಾರೆ. ತಂಗಿಯ ಮಗಳು ತಂತಿಗಳನ್ನು ದಾಟಿ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸುತ್ತಾಳೆ.

ಕಂತಿನ ಕೊನೆಯಲ್ಲಿ ಹೆಸರುಗಳು ಬರುವಾಗ ಏನು ಹಾಕಬೇಕೆಂದು ನಿರ್ದೇಶಕರು ಬಂದು ಕೇಳುತ್ತಾರೆ. ತಂಗಿಯ ಫೋಟೊ ಹಾಕಿ ಒಂದು ನಿಮಿಷ ಮೌನ ಇಡೋಣ ಎಂದುಕೊಂಡಿದ್ದಾರೆ. ಅಕ್ಕ ಮಗಳ ಮುಖ ನೋಡುತ್ತಾರೆ, ಮಗಳು ಬೇಡವೆಂದು ತಲೆ ಆಡಿಸುತ್ತಾಳೆ.

"ಮೌನ ಯಾಕೆ ಸರ್? ಅವಳಿಗೆ ಇಷ್ಟ ಇರಲಿಲ್ಲ ಅದು," ಎನ್ನುತ್ತಾರೆ ಅಕ್ಕ. "ಅವಳು ಹಾಡಿದ ಹಾಡುಗಳ ಮೇಲೆ ಅವಳ ಹೆಸರು ಹಾಕಿ. ಇದ್ರ ಮೇಲೆ ಇದನ್ನ ಹಾಡಿದ ಹುಡುಗೀದು ಹಾಕಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ, ಆ ಹುಡುಗಿ ಮನೆಯವರು ನೋಡ್ತಾರೆ."

ನಿಮ್ಮ ಹೆಸರು ಹೇಗೆ ಹಾಕೋಣ ಎಂದರೆ ಅವರು ಕೈ ಆಡಿಸುತ್ತಾರೆ. ನೃತ್ಯ ಸಹಾಯಕಿ ಎಂದು ಇರುವ ಹಾಗೇ ಇರಲಿ.

ಹಾಲಿನಲ್ಲಿ ದೀಪಗಳನ್ನು ಇಳಿಸುತ್ತಿದ್ದಾರೆ. ಹಲಗೆಯ ಗೋಡೆಗಳ ಮೊಳೆ ಕೀಳುವ ಸದ್ದು ಶುರುವಾಗಿದೆ. ಮುಂದೇನು ಎಂದು ಕೇಳಿದರೆ ಅಕ್ಕ ಭುಜ ಕುಣಿಸುತ್ತಾರೆ. ಮಂಡಿಯನ್ನು ಡಾಕ್ಟರಿಗೆ ತೋರಿಸಬೇಕು, ಮಗಳ ಪರೀಕ್ಷೆ ಮುಗಿಯಬೇಕು, ಆಮೇಲೆ ನೋಡೋಣ. ಮನಸ್ಸಿನಲ್ಲಿರುವ ಆಸೆ ಒಂದೇ, ಅದೂ ಚಿಕ್ಕದು.

"ಕಡೇ ಕಂತು ಬರೋ ದಿನ ಮನೇಲಿ ಕೂತು ಕೇಳಬೇಕು. ಇಷ್ಟು ವರ್ಷ ಒಂದು ಹಾಡನ್ನೂ ಟಿ.ವಿ.ಲಿ ಸರಿಯಾಗಿ ಕೇಳಿಲ್ಲ ನಾನು, ಕಣ್ಣೆಲ್ಲಾ ಮಕ್ಕಳ ಬಾಯಿ ಮೇಲೇ ಇರ್ತಿತ್ತು," ಎನ್ನುತ್ತಾರೆ, ಕರವಸ್ತ್ರದಿಂದ ತುಟಿಯ ಬಣ್ಣ ಒರೆಸಿಕೊಳ್ಳುತ್ತ. "ಈ ಸಲ ಕಣ್ಣು ಮುಚ್ಕೊಂಡು ಕೂತ್ಕೋತೀನಿ. ತುಟಿ ಕೂಡ್ತೋ ಇಲ್ವೋ ಅಂತ ನೀನು ನೋಡ್ಕೋ ಅಂತ ಇವಳಿಗೆ ಹೇಳಿದೀನಿ. ಕೂಡಿರುತ್ತೆ ಬಿಡಿ."